ನಮ್ಮಕ್ಕನ ತುತ್ತಿಗೆ ಬಂದ ನೋಟಿಸು

ವೃದ್ಧಾಶ್ರಮಗಳ ಊಟದ ಪಟ್ಟಿಗೆ ಸಹಿ ಹಾಕುವ ಮಾನ್ಯರೇ,

ಹುನಗುಂದದ ಬದಿಯ ಆಶ್ರಮದಲ್ಲಿ ನಮ್ಮಕ್ಕ ಬಸಲಿಂಗವ್ವ ಊಟ ಬಿಟ್ಟಿದ್ದಾಳೆ. ಬಿಡಿಸಿದವರು ನೀವು. ಹಾಗಾಗಿ ಕ್ಷೇಮಸಮಾಚಾರ ಕೇಳದೆ ನೇರ ವಿಷಯಕ್ಕೆ ಬರುತ್ತೇನೆ.

ಅಗಿಯಲಾಗದವರಿಗೆ ಅದೇ ಊಟವನ್ನು ರುಬ್ಬಿ ಕೊಡತಕ್ಕದ್ದು ಎಂಬುದು ನಿಮ್ಮ ಆದೇಶ. ರುಬ್ಬುತ್ತಾರೆ. ಅನ್ನ, ಸಾರು, ಬದನೆಕಾಯಿ ಪಲ್ಯ ಎಲ್ಲವೂ ಒಂದೇ ಮಿಕ್ಸರಿಗೆ. ಯುಗಾದಿಯ ಹೋಳಿಗೆಯೂ ಅದರೊಳಗೇ ಬಿತ್ತು. ನಿಮ್ಮ ಕಾಗದದಲ್ಲಿ 'ಸಿಹಿ ಬಡಿಸಲಾಗಿದೆ' ಎಂದು ಗುರುತು ಬಿದ್ದಿರಬೇಕು, ಅಭಿನಂದನೆ. ಸಾರಿನಲ್ಲಿ ಅರೆದ ಹೋಳಿಗೆಯನ್ನು ನಿಮ್ಮ ಮನೆಯಲ್ಲಿ ಯಾರಿಗಾದರೂ ಬಡಿಸಿದ್ದೀರಾ?

ಅಕ್ಕನಿಗೆ ಲಕ್ವಾ ಹೊಡೆದು ನುಂಗುವುದು ಕಷ್ಟ. ತಪ್ಪು ನಾನೂ ಮಾಡಿದವನೇ. ಹಾಸಿಗೆ ಹಿಡಿದವರಿಗೆ ಮೊದಲು ಮಜ್ಜಿಗೆ ಎಂಬುದು ನಮ್ಮ ಮನೆಯ ರೂಢಿ. ಒಂದು ಲೋಟ ಕುಡಿಸಹೋದೆ, ಅಕ್ಕ ಕೆಮ್ಮಿ ಕೆಮ್ಮಿ ನೀಲಿಗಟ್ಟಿದಳು. ಅಡುಗೆಯ ಕಾಸಿಂಬಿ ಓಡಿಬಂದು ಅವಳನ್ನು ನೆಟ್ಟಗೆ ಕೂರಿಸಿದಳು.

"ಪ್ರೀತಿ ಮಾಡಾಕ ಹೋಗಿ ಜೀವಾ ತಗೀತೀರೇನ್ರಿ ಕಾಕಾ? ನೀರಂಥದ್ದು ಉಸಿರಿನ ದಾರಿ ಹಿಡಿತೈತಿ. ಚಮಚಾದಾಗ ದಿಬ್ಬಾಗಿ ನಿಂದರಬೇಕು, ಸೋರಬಾರದು. ದವಾಖಾನಿ ಡಾಕ್ಟರು ಹೇಳ್ಯಾರ."

ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಮಗ್ಗಕ್ಕೆ ಕುಳಿತ ನನಗೆ ಅದು ಒಂದೇ ದಿನಕ್ಕೆ ತಿಳಿಯಿತು. ನಿಮಗೆ ತಿಳಿಯಲು ಎಷ್ಟು ಸುತ್ತೋಲೆ ಬೇಕು?

ಮರುದಿನದಿಂದ ಕಾಸಿಂಬಿ ಜೋಳದ ನುಚ್ಚನ್ನು ಬೇಯಿಸಿ, ನುಣ್ಣಗೆ ಅರೆದು ಗಟ್ಟಿಯಾಗಿ ಇಟ್ಟಳು. ಬೇಳೆ ಬೇರೆ, ಕುಂಬಳಕಾಯಿ ಬೇರೆ. ಅಕ್ಕ ಬೆರಳು ತೋರಿಸಿ "ಮೊದಲ ಇದು" ಎಂದಳು. ತಾನು ಏನು ಉಣ್ಣುತ್ತಿದ್ದೇನೆಂದು ಗೊತ್ತಾದ ಮೇಲೆ ಹನ್ನೊಂದು ದಿನ ಉಂಡಳು. "ಉಪ್ಪೇನು ನಿಮ್ಮಪ್ಪನ ಮನಿಯಿಂದ ತರ್ತೀಯೇನು, ಹಾಕು" ಎಂದು ಕಾಸಿಂಬಿಯನ್ನು ಗದರುವಷ್ಟು ಜೀವ ಬಂತು.

ಹನ್ನೆರಡನೆಯ ದಿನ ನಿಮ್ಮ ನೋಟಿಸು ಬಂತು: ಪಟ್ಟಿಯಲ್ಲಿಲ್ಲದ ನುಚ್ಚು ಬೇಯಿಸಿದ್ದೇಕೆ? ಕೆಲಸ ಹೋದೀತೆಂದು ಕಾಸಿಂಬಿ ಮತ್ತೆ ಎಲ್ಲವನ್ನೂ ಕೂಡಿಸಿ ರುಬ್ಬುತ್ತಿದ್ದಾಳೆ. ಅಕ್ಕ ತುಟಿ ಬಿಗಿದಿದ್ದಾಳೆ. 'ಊಟಕ್ಕೆ ಸಹಕರಿಸುತ್ತಿಲ್ಲ' ಎಂದು ಬರೆದುಕೊಂಡು, ಸೋಮವಾರ ಮೂಗಿಗೆ ನಳಿಗೆ ಹಾಕುವುದೆಂದು ಆಶ್ರಮದವರು ಗೊತ್ತುಮಾಡಿದ್ದಾರೆ. ಬಾಯಿಯಿಂದ ಉಣ್ಣಬಲ್ಲವಳಿಗೆ ನಳಿಗೆ. ಇದಕ್ಕೆ ನಿಮ್ಮ ಭಾಷೆಯಲ್ಲಿ ಆರೈಕೆ ಎನ್ನುತ್ತಾರಂತೆ.

ಭಾನುವಾರದೊಳಗೆ ನೋಟಿಸು ಹಿಂಪಡೆಯಿರಿ. ಒಂದೊಂದನ್ನೂ ಬೇರೆಯಾಗಿ ಅರೆದು, ಗಟ್ಟಿಯಾಗಿ ಉಣಿಸಲು ಕಾಸಿಂಬಿಗೆ ಬರಹದಲ್ಲಿ ಅಪ್ಪಣೆ ಕೊಡಿ. ಕೊಡದಿದ್ದರೆ ಸೋಮವಾರ ಮೊದಲ ಬಸ್ಸಿಗೆ ಹೊರಟು, ನಾನೇ ಅರೆದ ನುಚ್ಚಿನೊಂದಿಗೆ ಅಕ್ಕನ ಪಕ್ಕದಲ್ಲಿ ಕುಳಿತಿರುತ್ತೇನೆ. ನನ್ನ ಮೇಲೂ ಕ್ರಮ ಕೈಗೊಳ್ಳುವುದಿದ್ದರೆ ಅಲ್ಲಿಗೇ ಬನ್ನಿ. ಅವಳ ಊಟ ಮುಗಿಯುವವರೆಗೆ ಏಳುವುದಿಲ್ಲ.

ಇಂತಿ,
ವಿಧೇಯನಾಗುವ ವಯಸ್ಸು ದಾಟಿದ
ಅಂದಾನಪ್ಪ, ಇಳಕಲ್ಲ