ಮೂತ್ರಕೋಶ ತೆಗೆದ ಮೇಲೆ

ಶಿಡ್ಲಘಟ್ಟ
14-9-2025

ಪ್ರೀತಿಯ ಹರಿಣಿ ಅಕ್ಕನಿಗೆ,

ಲಾವಣ್ಯಳ ನಮಸ್ಕಾರಗಳು. ನೀನು, ಭಾವ, ಅಮ್ಮ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ಫೋನ್ ಮಾಡಿದರೆ ಅಮ್ಮ ನಿನ್ನ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾಳೆ. ಅದಕ್ಕೇ ಈ ಕಾಗದ ನಿನ್ನ ಆಫೀಸಿಗೆ.

ಗೆಡ್ಡೆಯ ಆಪರೇಷನ್ ಎಂದಷ್ಟೇ ನಿನಗೆ ಹೇಳಿದ್ದೆ. ಅದು ಕ್ಯಾನ್ಸರ್ ಅಕ್ಕ. ಸಂಕ್ರಾಂತಿ ಕಳೆದ ಮೇಲೆ ಮೂತ್ರದಲ್ಲಿ ರಕ್ತ ಬಂತು. ನೋವಿರಲಿಲ್ಲ. ಉಷ್ಣ ಇರಬೇಕೆಂದು ಬಾರ್ಲಿ ನೀರು ಕುಡಿದೆ, ಇನ್‌ಫೆಕ್ಷನ್ ಎಂದು ಮಾತ್ರೆ ನುಂಗಿದೆ. ಮತ್ತೆ ಮತ್ತೆ ಬಂದಾಗ ನಮ್ಮವರು ಬೆಂಗಳೂರಿಗೆ ಕರೆದುಕೊಂಡು ಹೋದರು.

"ಗೆಡ್ಡೆ ಸ್ನಾಯುವಿನೊಳಕ್ಕೆ ಇಳಿದಿದೆಯಮ್ಮ. ಕೆರೆದು ತೆಗೆದ್ರೆ ಸಾಲಲ್ಲ. ಮೂತ್ರಕೋಶನೇ ತೆಗೀಬೇಕು" ಎಂದರು ಡಾಕ್ಟರು.

"ತೆಗೆದ್ರೆ ಮೂತ್ರ ಎಲ್ಲಿಂದ ಹೋಗ್ತದೆ ಸಾರ್?" ಎಂದು ಕೇಳಿದೆ. ಹತ್ತನೇ ಕ್ಲಾಸಿಗೆ ಅದೇ ಪಾಠ ಮಾಡುವವಳು ನಾನು, ಬೋರ್ಡಿನ ಮೇಲೆ ಅದೇ ಚಿತ್ರ ಬರೆಯುವವಳು. ಕರುಳಿನ ಒಂದು ತುಂಡಿನಿಂದ ಹೊಟ್ಟೆಯ ಬಲಗಡೆ ದಾರಿ ಮಾಡುತ್ತಾರಂತೆ. ಅಲ್ಲಿ ಹೊರಗೊಂದು ಚೀಲ ಅಂಟಿಸಿಕೊಳ್ಳುವುದು, ಬದುಕಿರುವವರೆಗೂ. ಅವರು ಹೇಳುತ್ತಲೇ ಇದ್ದರು, ನನಗೆ ಅವರ ಪೆನ್ನಿನ ತುದಿ ಮಾತ್ರ ಕಾಣುತ್ತಿತ್ತು.

ಮೊದಲು ಕೀಮೋ, ಆಮೇಲೆ ಆಪರೇಷನ್. ಎಚ್ಚರವಾದಾಗ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಬೆಚ್ಚಗಿನ ಪ್ಲಾಸ್ಟಿಕ್ ಸಿಕ್ಕಿತು. ಹಿಂದಿನ ದಿನವೇ ನರ್ಸ್ ಅಲ್ಲಿ ಗುರುತು ಹಾಕಿದ್ದರು, ಎಲ್ಲ ಗೊತ್ತಿತ್ತು. ಆದರೂ ಬೇರೆ ಯಾರದೋ ಮೈ ಮುಟ್ಟಿದಂತಾಗಿ ಕೈ ಹಿಂದಕ್ಕೆಳೆದುಕೊಂಡೆ.

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಚೀಲದ ಅಂಟು ಬಿಟ್ಟು ಬಟ್ಟೆ, ಹಾಸಿಗೆ ಎಲ್ಲ ನೆನೆಯಿತು. ಅತ್ತೆಯ ಮುಂದೆ ಅಳು ಬಂತು. ಅವರು ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಬಂದರು. "ದಿನಾ ರೇಷ್ಮೆ ಹುಳದ ಹಿಕ್ಕೆ ಬಾಚೋ ಕೈ ಇದು, ನಂಗೇನು ಅಸಹ್ಯ? ಹೆಂಗೆ ಅಂಟ್ಸೋದು ತೋರ್ಸಮ್ಮ" ಎಂದರು. ಈಗ ಇಬ್ಬರೂ ಸೇರಿ ಬದಲಾಯಿಸುತ್ತೇವೆ.

ಅಂಗಳದವರೆಗೆ ನಡೆದಾಡುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಶಾಲೆಗೆ ಹೋಗುವ ಯೋಚನೆ. ಭಾವನಿಗೆ ನಮಸ್ಕಾರ, ನಿನ್ನ ಪುಟ್ಟಿಗೆ ನನ್ನ ಮುತ್ತು. ಅವಳು ಚೆನ್ನಾಗಿ ಬೆಳೆಯಲಿ, ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಲಾವಣ್ಯ

ವಿ.ಸೂ.: ಮೂತ್ರಕೋಶದ ಜೊತೆ ಗರ್ಭಕೋಶವನ್ನೂ ತೆಗೆದರು ಅಕ್ಕ, ಕಾಯಿಲೆ ಅಲ್ಲಿಗೂ ಹರಡಿರಬಹುದೆಂದು. ಮೊದಲೇ ತಿಳಿಸಿದ್ದರು, ನಾವಿಬ್ಬರೂ ಒಪ್ಪಿದ್ದೆವು. ಮೊನ್ನೆ ತೋರಿಸಲು ಹೋದಾಗ ಡಾಕ್ಟರು ನಗುತ್ತಾ, "ಒಳ್ಳೇ ಸುದ್ದಿ. ಗರ್ಭಕೋಶದಲ್ಲಿ ಏನೂ ಇರಲಿಲ್ಲ, ಪೂರ್ತಿ ಆರೋಗ್ಯವಾಗಿತ್ತು" ಎಂದರು. ನಮ್ಮವರು ಕೈಮುಗಿದರು. ನಾನೂ ಮುಗಿದೆ. ನನಗೆ ಮಗುವಾಗಲೆಂದು ಅಮ್ಮ ಈಗಲೂ ಸೋಮವಾರ ಒಪ್ಪೊತ್ತು ಇರುತ್ತಾಳಲ್ಲ, ಇನ್ನು ಸಾಕು ಅನ್ನು. ಯಾಕೆಂದು ಮಾತ್ರ ಹೇಳಬೇಡ.