ಅಪ್ಪ ಫೋನಿನಲ್ಲಿ ಹೇಳಿದ್ದು

ವಡಾಲ, ಮುಂಬೈ
೧೧ ಆಗಸ್ಟ್ ೨೦೨೪, ರವಿವಾರ

ಚಿ. ಸೌ. ಅನುರಾಧಾಗೆ,

ನಿನ್ನ ಅವ್ವ ಮಾಡುವ ಮನಃಪೂರ್ವಕ ಆಶೀರ್ವಾದಗಳು. ನಾನು ಕ್ಷೇಮ ಎಂದು ಬರೆಯಲು ಹೋಗಿ ಕೈ ತಡೆಯಿತು. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ನೀನೂ ಅಳಿಯಂದಿರು ಶಶಿಕಾಂತರೂ ನಾಶಿಕದಲ್ಲಿ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ.

ಈ ಪತ್ರವನ್ನು ಜೂನ್ ತಿಂಗಳಲ್ಲೇ ಬರೆಯಬೇಕಿತ್ತು. ತಡವಾಯಿತು, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಅರ್ಧಕ್ಕೇ ಮಾತು ಜಾರಿಹೋಗುತ್ತದೆ, ಉಸಿರೂ ಸಾಲುವುದಿಲ್ಲ. ಕಾಗದವಾದರೆ ಬೇಕಾದ ಪದ ಸಿಗುವವರೆಗೆ ಪೆನ್ನು ಹಿಡಿದು ಸುಮ್ಮನೆ ಕೂರಬಹುದು. ನಿನಗೆ ಮರಾಠಿಯಷ್ಟು ಸರಾಗವಾಗಿ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತು. ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ಮೊದಲ ಸುದ್ದಿ, ನಾನು ಶಾಲೆ ಬಿಟ್ಟೆ. ನೀನು "ಸ್ಕೂಲ್ ಹೆಂಗೈತಿ ಅವ್ವಾ?" ಎಂದಾಗಲೆಲ್ಲ "ನಡದೈತಿ" ಎನ್ನುತ್ತಿದ್ದೆನಲ್ಲ, ಅದು ಸುಳ್ಳು. ಸೇವೆ ಇನ್ನೂ ಮೂರು ವರ್ಷ ಉಳಿದಿರುವಾಗಲೇ ಅರ್ಜಿ ಕೊಟ್ಟು ಮನೆಗೆ ಬಂದೆ.

ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಮಲಗಿ ಎದ್ದುಬಂದಾಗ, ಜೀವ ಉಳಿಯಿತು, ಇನ್ನೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದುಕೊಂಡಿದ್ದೆ. ಮೂರು ವರ್ಷವಾಯಿತು. ಸ್ಟೇಷನ್ನಿನ ಸೇತುವೆ ಹತ್ತುವಾಗ ಈಗಲೂ ನಡುವೆ ಎರಡು ಸಲ ನಿಲ್ಲುತ್ತೇನೆ. ಹಿಂದಿನಿಂದ ಜನ "ಚಲಾ, ಪುಢೆ ಚಲಾ" ಎಂದು ಅವಸರಪಡಿಸುತ್ತಾರೆ. ನಾನು ಕಂಬಿ ಹಿಡಿದು, ಪರ್ಸಿನಲ್ಲಿ ಏನೋ ಹುಡುಕುವವಳಂತೆ ನಟಿಸುತ್ತೇನೆ. ಒಗ್ಗರಣೆಗೆ ಹಾಕಿದ ಈರುಳ್ಳಿ ಸುಟ್ಟ ರಬ್ಬರಿನಂತೆ ನಾರುತ್ತದೆ. ಹಾಲು ಹೊತ್ತಿದರೆ ಪಕ್ಕದ ಮನೆಯವರು ಬಂದು ಹೇಳಬೇಕು. ಇವೆಲ್ಲ ಹೇಗೋ ರೂಢಿಯಾದವು. ಮರೆವು ಮಾತ್ರ ರೂಢಿಯಾಗಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ನಾಲ್ಕನೆಯ ತರಗತಿಗೆ ಹದಿನೇಳರ ಮಗ್ಗಿ ಹೇಳಿಸುತ್ತಿದ್ದೆ. "ಹದಿನೇಳಾರ್ಲೆ ನೂರಾ ಎರಡು" ಎಂದವಳು ಅಲ್ಲೇ ನಿಂತೆ. ಮುಂದಿನದು ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷ ನಿದ್ದೆಯಲ್ಲೂ ಹೇಳುತ್ತಿದ್ದ ಮಗ್ಗಿ ಅದು. ನಾನು ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ಮಕ್ಕಳು ಒಟ್ಟಾಗಿ "ನೂರಾ ಹತ್ತೊಂಬತ್ತು!" ಎಂದು ಕೂಗಿದವು. ನಾನು ನಕ್ಕು "ಶಾಬಾಸ್" ಎಂದೆ. ಆಮೇಲೆ ಸ್ಟಾಫ್ ರೂಮಿಗೆ ಹೋಗಿ, ಬಾಗಿಲು ಹಾಕಿ ಅತ್ತೆ.

ಆಗ ನೆನಪಾದವಳು ಹನುಮವ್ವ. ಯಾದಗಿರಿ ಕಡೆಯಿಂದ ಕಟ್ಟಡದ ಗೌಂಡಿ ಕೆಲಸಕ್ಕೆ ಬಂದವರ ಮಗಳು, ನಿನಗಿಂತ ಎರಡು ವರ್ಷ ಚಿಕ್ಕವಳು. ಎಷ್ಟು ಹೇಳಿಕೊಟ್ಟರೂ ಮಗ್ಗಿ ಮರೆಯುತ್ತಿದ್ದಳು. ಒಂದು ದಿನ ಇಡೀ ಮಧ್ಯಾಹ್ನ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. "ಬರತಿತ್ರೀ ಟೀಚರ್, ಈಗ ಬರವಲ್ದರಿ" ಎಂದು ಅತ್ತಳು. ನಾಟಕ ಮಾಡಬೇಡ ಎಂದು ಗದರಿದೆ. ಮರುದಿನದಿಂದ ಅವಳು ಬರಲಿಲ್ಲ. ತಂದೆತಾಯಿ ಬೇರೆ ಕಡೆ ಕೆಲಸಕ್ಕೆ ಹೋಗಿರಬೇಕೆಂದು ರಿಜಿಸ್ಟರಿನಲ್ಲಿ ಬರೆದು ಸುಮ್ಮನಾದೆ. ಅವರ ಶೆಡ್ಡು ಶಾಲೆಯಿಂದ ಹತ್ತು ಹೆಜ್ಜೆ ದೂರ. ಹೋಗಿ ವಿಚಾರಿಸಲಿಲ್ಲ. ಬರುತ್ತಿದ್ದದ್ದು ಬಾರದೆ ಹೋಗುವುದೆಂದರೆ ಏನೆಂದು ಈಗ ನನಗೆ ಗೊತ್ತಾಗಿದೆ. ಹೇಳಿಕೊಳ್ಳೋಣವೆಂದರೆ ಆ ಹುಡುಗಿ ಎಲ್ಲಿದ್ದಾಳೋ.

ಶಾಲೆ ಬಿಡುವಂತೆ ಮಾಡಿದ್ದು ಮಾತ್ರ ಬೇರೆ ಸಂಗತಿ. ಮೇ ತಿಂಗಳಲ್ಲಿ ಫೋರ್ಟಿನ ಶಿಕ್ಷಣ ಕಚೇರಿಗೆ ಹೋಗಿ ಹಾರ್ಬರ್ ಲೋಕಲ್ಲಿನಲ್ಲಿ ವಾಪಸು ಬರುತ್ತಿದ್ದೆ. ಎಚ್ಚರವಾಗಿಯೇ ಕೂತಿದ್ದೆ, ವಡಾಲ ಬಂದದ್ದೂ ಕಂಡಿತು. ಆದರೆ ಇಳಿಯಬೇಕೆಂದು ಹೊಳೆಯಲಿಲ್ಲ. ಬಾಂದ್ರಾದಲ್ಲಿ ಎಲ್ಲರೂ ಇಳಿದರು, ನಾನೂ ಇಳಿದೆ. ಅಲ್ಲಿಂದ ಯಾವ ಕಡೆಯ ಗಾಡಿ ಹತ್ತಿದರೆ ಮನೆ ಸಿಗುತ್ತದೆ ಎಂಬುದು ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಮೂವತ್ತೆರಡು ವರ್ಷ ಈ ಊರಿನಲ್ಲಿದ್ದವಳು ಬೆಂಚಿನ ಮೇಲೆ ಒಂದೂವರೆ ತಾಸು ಕೂತೆ. ಯಾರನ್ನಾದರೂ ಕೇಳಲು ನಾಚಿಕೆಯಾಯಿತು. ಕೊನೆಗೆ ನಮ್ಮ ಶಾಲೆಯ ವಸಂತಿ ಟೀಚರಿಗೆ ಫೋನ್ ಮಾಡಿದೆ. ಪಾಪ, ಮಾಡುತ್ತಿದ್ದ ಅಡುಗೆ ಬಿಟ್ಟು ಓಡಿಬಂದರು. ಅವರದು ಉಡುಪಿ ಕಡೆಯ ಮಾತು, ನಿನಗೆ ಗೊತ್ತಲ್ಲ. "ಎಂಥ ಟೀಚರೇ ಇದು, ಇಷ್ಟೆಲ್ಲ ಆಗ್ತಿದ್ರೂ ಒಂದು ಮಾತು ಹೇಳ್ಲಿಲ್ವಾ? ಮಗಳು ನರ್ಸ್ ಅಲ್ವಾ, ಅವಳಿಗಾದ್ರೂ ಹೇಳ್ಬಹುದಿತ್ತಲ್ಲ" ಎಂದು ನನ್ನ ಕೈ ಹಿಡಿದುಕೊಂಡೇ ಬೈದರು.

ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೊದಲಿನ ಇಬ್ಬರು ಡಾಕ್ಟರು ಎಕ್ಸ್‌ರೇ ಸರಿಯಿದೆ, ರಕ್ತ ಸರಿಯಿದೆ, ವಯಸ್ಸಿನ ದೋಷ ಎಂದು ಕಳಿಸಿದ್ದರು. ಈ ಡಾಕ್ಟರು ಹುಡುಗಿ ಮಾತ್ರ ಅರ್ಧ ತಾಸು ಕೂತು ಕೇಳಿದಳು. "ಆಂಟೀ, ಆಪ್ ನಾಟಕ್ ನಹೀ ಕರ್ ರಹೀ. ಇಸ್ಕೋ ಲಾಂಗ್ ಕೋವಿಡ್ ಬೋಲ್ತೇ ಹೈ" ಎಂದಳು. ಔಷಧಿಯಿಂದ ತಟ್ಟನೆ ಹೋಗುವಂಥದ್ದಲ್ಲವಂತೆ. ದಣಿಯಬಾರದು, ಉಸಿರಿನ ವ್ಯಾಯಾಮ ಮಾಡಬೇಕು, ದಿನಾ ನಾಲ್ಕು ಸಾಲು ಬರೆಯಬೇಕು ಎಂದಳು. ನಾಟಕವಲ್ಲ ಎಂದು ಒಬ್ಬರು ಹೇಳಿದ್ದಕ್ಕೇ ನನ್ನ ಕಣ್ಣು ತುಂಬಿತು.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ನೀನು ಕೆಲಸ ಬಿಟ್ಟು ಬಂದುಬಿಡುತ್ತೀ ಎಂಬ ಹೆದರಿಕೆ. ಆ ಕೆಲಸಕ್ಕಾಗಿ ನೀನು ಅಪ್ಪನನ್ನೇ ಕಳೆದುಕೊಂಡವಳು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಹಳೆಯದೆಲ್ಲ ನೆನಪಿರುತ್ತದೆ, ಅದೇ ವಿಚಿತ್ರ. ಲಾಕ್‌ಡೌನ್ ಶುರುವಾಗಿ ಎರಡು ವಾರವಾಗಿತ್ತು. ಬಂದರಿನಲ್ಲಿ ತಾವು ನಡೆಸುತ್ತಿದ್ದ ಕ್ರೇನ್ ನಿಂತು ಅಪ್ಪ ಮನೆಯಲ್ಲೇ ಇದ್ದರು. ನಿನಗೆ ಫೋನ್ ಹಚ್ಚಿ, "ರಾಜೀನಾಮಾ ಕೊಟ್ಟು ಮನಿಗಿ ಬಾ. ಊರ ಮಂದೀನ ಉಳಸಾಕ ಹೋಗಿ ನಿನಗೇನರ ಆತಂದ್ರ ನಾವೇನ ಮಾಡೂಣು?" ಎಂದರು. "ಎಲ್ಲಾರೂ ಮನಿಗಿ ಹ್ವಾದ್ರ ವಾರ್ಡಿನ್ಯಾಗ ಯಾರ ಇರ್ತಾರಪ್ಪಾ?" ಎಂದೆ ನೀನು. "ಹಂಗಾದ್ರ ಈ ಚಂದ್ರಾಮಗ ಮಗಳ ಇಲ್ಲ ಅಂತ ತಿಳಕೋ" ಎಂದು ಅವರು ಫೋನ್ ಇಟ್ಟರು. ಒಂದು ವರ್ಷ ನಿನ್ನ ಹೆಸರು ಎತ್ತಲಿಲ್ಲ. ಅಷ್ಟು ಹೊತ್ತೂ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಕೈ ತೊಳೆದುಕೊಂಡು ಬಂದು, ಮಗಳು ಹೇಳುವುದರಲ್ಲಿ ತಪ್ಪೇನಿದೆ ಎಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಇಂದಲ್ಲ ನಾಳೆ ಸಿಟ್ಟು ಇಳಿಯುತ್ತದೆ ಎಂದುಕೊಂಡೆ. ಮರು ಏಪ್ರಿಲ್‌ನಲ್ಲಿ ಇಬ್ಬರಿಗೂ ಜ್ವರ ಬಂತು. ಒಂದೇ ಕಡೆ ಹಾಸಿಗೆ ಸಿಗದೆ ಅವರನ್ನು ಗೋರೆಗಾಂವಿನ ಆಸ್ಪತ್ರೆಗೆ ಒಯ್ದರು, ನನ್ನನ್ನು ಇಲ್ಲೇ ಸೇರಿಸಿದರು. ನೀನು ನಾಶಿಕದ ವಾರ್ಡಿನಲ್ಲಿ ಯಾರ ಯಾರದೋ ತಂದೆಯರನ್ನು ನೋಡಿಕೊಳ್ಳುತ್ತಿದ್ದೆ.

ಇರಲಿ. ಪತ್ರ ಉದ್ದವಾಯಿತು, ನಾಲ್ಕು ದಿನ ಹಿಡಿಯಿತು. ಈಗ ವಸಂತಿ ಟೀಚರು ದಿನಾ ಸಂಜೆ ಬಂದುಹೋಗುತ್ತಾರೆ. ಗಾಬರಿಯಾಗಿ ಓಡಿಬರಬೇಡ, ರಜೆ ಸಿಕ್ಕಾಗ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಯಿಂದ ಎದ್ದು ಮನೆಗೆ ಹೋದವರೆಲ್ಲರ ಹರಕೆ ನಿನ್ನನ್ನು ಕಾಯಲಿ. ನೂರು ವರ್ಷ ಬಾಳು, ನನ್ನ ಕೂಸೆ.

ನಿನ್ನ ಅವ್ವ,
ಶಿವಕುಮಾರಿ

ತಾ.ಕ.: ಪತ್ರ ಕವರಿಗೆ ಹಾಕಿ ಅಂಟಿಸಿದ್ದೆ. ಮತ್ತೆ ಒಡೆದು ಇದನ್ನು ಬರೆಯುತ್ತಿದ್ದೇನೆ.

ಹೋದ ರವಿವಾರ ನೀನು ಕೇಳಿದೆ, "ಅವ್ವಾ, ಅಪ್ಪ ಲಾಸ್ಟ್ ಫೋನಿನ್ಯಾಗ ಏನಂದ್ರು, ಇನ್ನೊಮ್ಮೆ ಹೇಳಲಾ." ನಾನು "ಅನೂಗ ಜ್ವಾಕಿ ಇರಾಕ ಹೇಳು ಅಂದ್ರು" ಎಂದೆ. ನೀನು "ಮೊದಲ ಬ್ಯಾರೆ ಹೇಳಿದ್ದಿ ಅವ್ವಾ" ಎಂದು ಮೆತ್ತಗೆ ಫೋನ್ ಇಟ್ಟೆ.

ಮೊದಲು ಏನು ಹೇಳಿದ್ದೆನೋ ನನಗೇ ಮರೆತುಹೋಗಿತ್ತು. ಅಳಿಯಂದಿರನ್ನು ಕೇಳಿದೆ. "ಅನೂ ಮಾಡಿದ್ದ ಖರೆ, ನಂದ ತಪ್ಪಾತು" ಎಂದು ಅಪ್ಪ ಹೇಳಿದ್ದಾಗಿ ತಿಳಿಸಿದ್ದೆನಂತೆ. ಆ ಮಾತನ್ನು ನೀನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೀಯಂತೆ.

ಎರಡೂ ನಾನೇ ಕಟ್ಟಿ ಹೇಳಿದ್ದು. ಆಗ ನಿನ್ನ ಅಳು ನೋಡಲಾಗದೆ ಹೇಳಿದೆ. ಸುಳ್ಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯೂ ಈಗ ಉಳಿದಿಲ್ಲ.

ಫೋನ್ ಬಂದದ್ದು ಖರೆ. ಅವರು ತೀರಿಹೋಗುವ ಹಿಂದಿನ ದಿನ, ಮಧ್ಯಾಹ್ನ. ಸಿಸ್ಟರ್ ಫೋನನ್ನು ನನ್ನ ಕಿವಿಗೆ ಹಿಡಿದಿದ್ದಳು. ನನ್ನ ಮೂಗು ಬಾಯಿಗೆ ಮಾಸ್ಕ್ ಬಿಗಿದಿದ್ದರು. ಅವರು ಕೆಮ್ಮುತ್ತ ಕೆಮ್ಮುತ್ತ ಬಹಳ ಹೊತ್ತು ಮಾತಾಡಿದರು. ಏನು ಹೇಳಿದರು, ನಿನ್ನ ಹೆಸರು ತೆಗೆದರೋ ಇಲ್ಲವೋ, ಒಂದೂ ನೆನಪಿಲ್ಲ ಮಗಳೇ. ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ಕೊನೆಯಲ್ಲಿ "ಕೇಳಸ್ತೈತಿಲ್ಲೋ?" ಎಂದದ್ದು ಮಾತ್ರ ಉಳಿದಿದೆ.

ಕೇಳಿಸುತ್ತಿತ್ತು. ಮಾಸ್ಕಿನೊಳಗಿಂದ ದನಿ ಹೊರಡಲಿಲ್ಲ, ಹೌದೆಂದು ತಲೆಯಾಡಿಸಿದೆ. ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ತಲೆಯಾಡಿಸಿದೆ.