ಹತ್ತೊಂಬತ್ತು ತಂಗುಮನೆಗಳಲ್ಲಿ ಒಂದೇ ಪುಟ

ಫೆಬ್ರವರಿ ಮೂವತ್ತು, ೨೨೧೪

ನನ್ನ ಮೊಮ್ಮಗಳ ಮೊಮ್ಮಗಳಿಗೆ,

ಈ ತಾರೀಖು ನಿನಗೆ ವಿಚಿತ್ರವಾಗಿ ಕಂಡರೆ ತಪ್ಪು ನಿನ್ನದಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮ್ಮ ಕಾಲಕ್ಕೆ ಅದೂ ಬದಲಾಗಿರಬಹುದು. ನನ್ನ ಮಾತುಗಳು ಹಳತಾಗಿ ಕೇಳಿಸಿದರೆ ಕ್ಷಮಿಸಿ ನಿಧಾನವಾಗಿ ಓದು. ನಾನು ಗುಲಾಬಿ, ಕಡಲು ಊರನ್ನು ನುಂಗಿದ ಮೇಲೆ ಘಟ್ಟ ಹತ್ತಿದ ಕುಟುಂಬದವಳು.

ನಮ್ಮ ಘಟ್ಟದ ಕಾಲುದಾರಿಗಳಲ್ಲಿ ಒಟ್ಟು ಹತ್ತೊಂಬತ್ತು ತಂಗುಮನೆಗಳಿವೆ. ತಂಗುಮನೆಯೆಂದರೆ ಕಾಯುವವರಿಲ್ಲದ, ಬೀಗವಿಲ್ಲದ, ಒಂದೇ ಕೋಣೆಯ ಕಲ್ಲುಮನೆ. ಒಳಗೆ ಎಂಟು ಜನ ಮಲಗಲು ಹಲಗೆಗಳು, ಒಂದು ಒಲೆ, ಒಂದು ಬಿಸಿಗಲ್ಲು. ಹಗಲು ಬಿಸಿಲಿಗಿಟ್ಟರೆ ಬೆಳಗಿನವರೆಗೂ ಕಾವು ಕೊಡುವ ಆ ಕರಿಯ ಕಲ್ಲನ್ನು ನೀನು ನೋಡಿರುವೆಯೋ ಇಲ್ಲವೋ. ಹೊರಡುವವರು ಮುಂದೆ ಬರುವವರಿಗಾಗಿ ಸೌದೆ ಒಡೆದಿಡಬೇಕು, ‘ಬಂದವರ ಪುಸ್ತಕ’ದಲ್ಲಿ ಎರಡು ಸಾಲು ಬರೆಯಬೇಕು. ಬಾಗಿಲು ತಟ್ಟಿದವರಿಗೆ ತೆರೆಯಲೇಬೇಕು.

ಇಪ್ಪತ್ತೆರಡು ವರ್ಷಗಳ ಹಿಂದೆ ನಾನೂ ನನ್ನ ಅಕ್ಕ ಅಪ್ಪಿಯೂ ಏಳನೆಯ ಮನೆಯನ್ನು ಮುಟ್ಟಿದಾಗ ಕತ್ತಲಾಗುತ್ತಿತ್ತು. ಆಲಿಕಲ್ಲು ಮಳೆ. ಅಕ್ಕನಿಗೆ ಎರಡು ದಿನದಿಂದ ಜ್ವರ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ತಟ್ಟಿದೆ.

“ಜಾಗ ಇಲ್ಲ ಮಾರಾಯ್ರೇ, ಮುಂದಿನ ಮನೆಗೆ ಹೋಗಿ,” ಎಂದಿತು ಒಂದು ಗಂಡುದನಿ.

“ಅಕ್ಕಂಗೆ ಹುಷಾರಿಲ್ಲ. ಕೂತ್ಕೊಳ್ಳಿಕ್ಕೆ ಜಾಗ ಆದ್ರೆ ಸಾಕು.”

“ಇಲ್ಲ ಅಂದೆನಲ್ಲ.”

ಆಮೇಲೆ ಎಷ್ಟು ತಟ್ಟಿದರೂ ಉತ್ತರ ಬರಲಿಲ್ಲ. ಸೂರಿನ ಕೆಳಗೆ ಅಕ್ಕನನ್ನು ತಬ್ಬಿಕೊಂಡು ಕುಳಿತೆ. ಬೆಳಕು ಹರಿಯುವ ಮೊದಲೇ ಅವಳ ಮೈ ತಣ್ಣಗಾಗಿತ್ತು. ಬಾಗಿಲು ತೆರೆದು ಹೊರಬಂದವನು ಉಪ್ಪಿನ ವ್ಯಾಪಾರಿ ಭುಜಂಗ. ಒಳಗೆ ಇದ್ದದ್ದು ಮೂರೇ ಜನ. ಉಳಿದ ಐದು ಹಲಗೆಗಳ ಮೇಲೆ ಉಪ್ಪಿನ ಮೂಟೆಗಳು ಮಲಗಿದ್ದವು, ಬಿಸಿಗಲ್ಲು ಅವುಗಳ ಪಕ್ಕದಲ್ಲಿತ್ತು. ಅವನು ಅಕ್ಕನನ್ನು ನೋಡಿ, “ಗಾಳಿ ಶಬ್ದಕ್ಕೆ ಏನೂ ಕೇಳ್ಲೇ ಇಲ್ಲ,” ಎಂದ. ಪುಸ್ತಕದಲ್ಲಿ ಅವನು ಬರೆದಿದ್ದ ಸಾಲನ್ನು ಆಮೇಲೆ ಓದಿದೆ: “ರಾತ್ರಿ ಸುಖವಾಗಿ ಕಳೆಯಿತು. ಸೌದೆ ಇಟ್ಟಿದ್ದೇವೆ.”

ಅವನು ಬಾಗಿಲು ತೆರೆಯದಿದ್ದುದನ್ನು ಒಂದು ದಿನ ಮರೆಯುತ್ತಿದ್ದೆನೋ ಏನೋ. ಆ ಸಾಲನ್ನು ಮರೆಯಲಾಗಲಿಲ್ಲ.

ಹನ್ನೊಂದು ವರ್ಷದ ಮೇಲೆ, ಮೂರನೆಯ ಮನೆಯಲ್ಲಿ ನಾನೊಬ್ಬಳೇ ಇದ್ದ ಸಂಜೆ, ಯಾರೋ ತೆವಳಿಕೊಂಡು ಬಂದು ಬಾಗಿಲು ಬಡಿದರು. ತೆರೆದೆ. ಕಾಲು ಮುರಿದುಕೊಂಡ ಭುಜಂಗ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಕಾಲಿಗೆ ದಬ್ಬೆ ಕಟ್ಟಿದೆ, ಗಂಜಿ ಕುಡಿಸಿದೆ, ನನ್ನ ಕಂಬಳಿ ಹೊದೆಸಿದೆ. ಅವನು ಚೆನ್ನಾಗಿ ನಿದ್ದೆ ಮಾಡಿದ. ಬೆಳಿಗ್ಗೆ ಆ ಮನೆಯ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟು, ನಾನು ಯಾರೆಂದು ಹೇಳಿದೆ.

“ಆ ರಾತ್ರಿ ನಡೆದದ್ದನ್ನ ಬರೀರಿ. ಬರೆದ್ರೆ ಹೊತ್ತು ಕೆಳಗೆ ಇಳಿಸ್ತೇನೆ.”

“ನನಗೆ ನೆನಪಿಲ್ಲ ತಾಯಿ.”

“ಹಾಗಾದ್ರೆ ನೆನಪಾಗೋ ತನಕ ಇಲ್ಲೇ ಇರಿ.”

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಎಲ್ಲವೂ ನೆನಪಾಯಿತು. ದನಿ ಕೇಳಿದ್ದು, ಮೂಟೆಗಳನ್ನು ಇಳಿಸಲು ಮನಸ್ಸಾಗದ್ದು, ಸುಳ್ಳು ಹೇಳಿದ್ದು. “ಒಬ್ಬ ಹೆಂಗಸು” ಎಂದು ಬರೆದಿದ್ದ. ಅದನ್ನು ಹೊಡೆದುಹಾಕಿಸಿ “ಅಪ್ಪಿ” ಎಂದು ಬರೆಸಿದೆ. ಕೆಳಗೆ ಅವನ ಹೆಸರು, ಅವನ ಅಪ್ಪನ ಹೆಸರು, ಊರು. ಆಮೇಲೆ ಮಾತಿಗೆ ತಪ್ಪದೆ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದೆ. ದಾರಿಯುದ್ದಕ್ಕೂ ಅವನು ಅಳುತ್ತಿದ್ದ. ನನಗೆ ಕನಿಕರ ಬರಲಿಲ್ಲ.

ಎರಡು ಬೇಸಿಗೆ ತಿರುಗಿ ಆ ಪುಟವನ್ನು ಉಳಿದ ಹದಿನೆಂಟು ಪುಸ್ತಕಗಳಿಗೂ ನಕಲು ಮಾಡಿದೆ. ಆಮೇಲೆ ಭುಜಂಗ ಎಲ್ಲಿ ತಂಗಿದರೂ ಜನ ಸರಿದು ಜಾಗ ಕೊಟ್ಟರು, ನಿಯಮವಿದೆಯಲ್ಲ. ಮಾತು ಮಾತ್ರ ಕೊಡಲಿಲ್ಲ. ಮೂರು ವರ್ಷಕ್ಕೆ ಅವನು ಘಟ್ಟದ ದಾರಿಯನ್ನೇ ಬಿಟ್ಟ. ಸತ್ತ ಸುದ್ದಿ ಬಂದ ದಿನ ನಾನು ಹೊಟ್ಟೆತುಂಬ ಉಂಡೆ. ನಿನ್ನ ಹತ್ತಿರ ಮುಚ್ಚಿಡುವುದೇನಿದೆ.

ಕಳೆದ ವಾರ ಅವನ ಮಗಳು ಯಮುನಾ ಬಂದಿದ್ದಳು. ಒಳ್ಳೆಯವಳು, ತಾನಾಗಿಯೇ ಎರಡು ತಂಗುಮನೆಗಳಿಗೆ ಹೆಂಚು ಹೊದಿಸಿದ್ದಾಳೆ. “ಅಪ್ಪ ಹೋಗಿ ಆಯ್ತಲ್ಲ ಗುಲಾಬಕ್ಕ, ಪುಟ ಹರಿಲಿಕ್ಕೆ ಬಿಡಿ. ನನ್ನ ಮಕ್ಕಳು ಓದ್ತಾರೆ,” ಎಂದು ಕೈಮುಗಿದಳು.

“ಓದಲಿ,” ಎಂದೆ. ಅವಳು ಎದ್ದು ಹೋದಳು. ಅವಳಿಗೆ ಕುಡಿಯಲು ಕೊಟ್ಟ ನೀರು ಲೋಟದಲ್ಲಿ ಹಾಗೇ ಇತ್ತು.

ನಾನು ಹೋದ ಮೇಲೆ ಭುಜಂಗನ ಮನೆಯವರು ನಿನ್ನ ಕಾಲಕ್ಕೂ ಬರುತ್ತಾರೆ, ಹೀಗೆಯೇ ಕೈಮುಗಿಯುತ್ತಾರೆ. ಒಳಗೆ ಕರೆ, ಒಲೆಯ ಹತ್ತಿರದ ಹಲಗೆ ಕೊಡು, ಬಿಸಿ ಗಂಜಿ ಬಡಿಸು. ಪುಟ ಕೊಡಬೇಡ. ಕಾಗದ ಜೀರ್ಣವಾದರೆ ಹೊಸ ಹಾಳೆಯ ಮೇಲೆ ಬರೆ, ಅವನ ಕಾಗುಣಿತದ ತಪ್ಪುಗಳನ್ನೂ ಸೇರಿಸಿ, ಒಂದನ್ನೂ ತಿದ್ದದೆ.

ನಿನ್ನ,
ಗುಲಾಬಿ